ಹಾಸಿಗೆ ಹಿಡಿದ ಅತ್ತೆ

ಶನಿವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನ ಮುದ್ದು ಮೀನೇ,

ನಾನು ಚೆನ್ನಾಗಿದ್ದೇನೆ ಎಂದು ಮೊದಲ ಸಾಲು ಬರೆದು ಹೊಡೆದು ಹಾಕಿದೆ. ಮೇಲೆ ಕಾಣುವ ಮಸಿ ಅದೇ. ದಿನಾ ಫೋನಿನಲ್ಲಿ ಹರಟೆ ಹೊಡೆಯುವ ಅತ್ತೆ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾರಲ್ಲ ಎಂದು ಹುಬ್ಬೇರಿಸಿರುತ್ತೀಯ. ಫೋನಿನಲ್ಲಾದರೆ ನಾನು ಅರ್ಧಕ್ಕೇ ಅತ್ತುಬಿಡುತ್ತೇನೆ, ನೀನು ನಿನ್ನ ಕಷ್ಟ ಬಿಟ್ಟು ನನ್ನನ್ನು ಸಮಾಧಾನ ಮಾಡಲು ಕೂರುತ್ತೀಯ. ಈ ವಿಷಯದಲ್ಲಿ ಹಾಗಾಗಬಾರದು. ಅದಕ್ಕೇ ಕಾಗದ.

ಈಜುಕೊಳದ ಕಟ್ಟೆಯ ಮೇಲೆ ನಿಂತು ಓದಬೇಡ. ಮಕ್ಕಳನ್ನು ಬೇರೆಯವರಿಗೆ ಒಪ್ಪಿಸಿ, ಕೋಣೆಗೆ ಹೋಗಿ, ಕೂತು ಓದು.

ಬೆಳಗಿನಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಯೊಳಗೇ ಓಡಾಡುತ್ತಿದ್ದೇನೆ. ಇಸ್ತ್ರಿ ಆಗಿದ್ದ ಬಟ್ಟೆಗೇ ಮತ್ತೆ ಇಸ್ತ್ರಿ ಹಾಕಿದೆ. ಪ್ಯಾಂಟಿನ ಒಂದು ಕಾಲನ್ನು ಮೋಟು ಮಾಡಿ ಇನ್ನೊಂದನ್ನು ಹಾಗೇ ಬಿಟ್ಟಿದ್ದೆ; ಅದರ ಯಜಮಾನರು ಬಂದು ಕನ್ನಡಿಯಲ್ಲಿ ನೋಡಿಕೊಂಡು, ಇದೇನು ಹೊಸ ಫ್ಯಾಷನ್ನಾ ಎಂದು ಕೇಳಿದರು. ಸರಿ, ಇನ್ನು ಸುತ್ತಿ ಬಳಸುವುದಿಲ್ಲ. ಹೇಳಿಬಿಡುತ್ತೇನೆ. ನಿನ್ನ ಗಂಡನಿಗೆ ಇನ್ನೊಬ್ಬಳ ಜೊತೆ ಸಂಬಂಧ ಇತ್ತು. ನೀನು ಅಲ್ಲಿಗೆ ತರಬೇತಿ ಕೊಡಲು ಹೋದ ಮೇಲೆ ಶುರುವಾಗಿದ್ದು. ಊರವರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ನನ್ನ ಮಗ, ನಮ್ಮಿಬ್ಬರ ಕಣ್ಣಿಗೆ ಮಾತ್ರ ಮಣ್ಣೆರಚಿದ.

ಒಂದು ಲೋಟ ನೀರು ಕುಡಿ. ಆಮೇಲೆ ಮುಂದೆ ಓದು.

ಆಕೆ ಯಾರೆಂದರೆ, ಬೆಳಗಿನ ರೇಡಿಯೋದಲ್ಲಿ ಹವಾಮಾನ ಹೇಳುತ್ತಾಳಲ್ಲ, ಅವಳು. ಅವಳು ಮೋಡ ಕವಿದಿದೆ ಎಂದರೂ ಯಾರನ್ನೋ ಮದುವೆಗೆ ಕರೆದ ಹಾಗಿರುತ್ತದೆ ಎಂದು ನೀನೇ ನಗುತ್ತಿದ್ದೆ. ಕಳೆದ ವಾರ ಅವಳು ನಮ್ಮ ಅಂಗಡಿಗೇ ಬಂದಳು. ಕೈಯಲ್ಲಿ ಹಸಿರು ರೇಷ್ಮೆಯ ಉದ್ದನೆಯ ಗೌನು. ಬಾಯಿ ತೆರೆದ ಕೂಡಲೇ ದನಿ ಗುರುತಿಸಿದೆ. ನನ್ನ ದಡ್ಡತನ ನೋಡು, ಖುಷಿಯಾಗಿ ಸ್ಟೂಲು ಒರೆಸಿ ಕೂರಿಸಿದೆ, ನಿಮ್ಮ ಮಾತು ಕೇಳದೆ ನಾನು ಒಗೆದ ಬಟ್ಟೆ ಒಣಹಾಕುವುದಿಲ್ಲ ಎಂದೆಲ್ಲ ಹೊಗಳಿದೆ.

ಗೌನಿನ ಅಂಚು ಮೇಲಕ್ಕೆತ್ತಬೇಕು, ಸೊಂಟ ಬಿಗಿ ಮಾಡಬೇಕು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವಳ ಕಾಲ ಬಳಿ ಮಂಡಿಯೂರಿದ್ದೆ. ಅವಳು ಮಾತಾಡುತ್ತಾ ಹೋದಳು. ಮದುವೆಯಾಗುವ ಹುಡುಗನ ಜೊತೆ ಗೆಳೆಯರ ಮುಂದೆ ಮೊದಲ ಸಲ ಕಾಣಿಸಿಕೊಳ್ಳುವ ಸಂಜೆಯಂತೆ ಅದು. ಅವನಿಗೆ ಮೊದಲೊಂದು ಮದುವೆಯಾಗಿ ಬಿಟ್ಟುಹೋಗಿದೆ. ಆ ನೋವಿನಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಾರೆ, ಎದೆ ವೀಕು, ಹೊಸ ಹುಡುಗಿ ಎಂದರೆ ಸಾಕು, ಜೀವಕ್ಕೇ ಅಪಾಯ. ಹಾಗಾಗಿ ಮನೆಗೆ ಕರೆದುಕೊಂಡು ಹೋಗಲು ಆಗುತ್ತಿಲ್ಲವಂತೆ. ನಾನು ಪಾಪ ಅಂದುಕೊಂಡೆ. ಆ ಮುದುಕಿಗೆ ಬೇಗ ವಾಸಿಯಾಗಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ ಕೂಡ.

ಆಮೇಲೆ ಅವಳು ಬಗ್ಗಿ ಫೋನು ತೋರಿಸಿದಳು. "ಆಂಟಿ, ಈ ಕೋಟಿನ ಪಕ್ಕ ಈ ಹಸಿರು ಒಪ್ಪುತ್ತಾ ನೋಡಿ. ಕೋಟು ಹೊಲಿದಿದ್ದು ನೀವೇ. ಕಾಲರ್ ಒಳಗೆ ನಿಮ್ಮ ಅಂಗಡಿ ಪಟ್ಟಿ ಇತ್ತು, ಅದನ್ನ ನೋಡ್ಕೊಂಡೇ ಹುಡುಕ್ಕೊಂಡು ಬಂದೆ."

ಬೂದು ಕೋಟು. ನೀನು ಒಳಗಿನ ಬಟ್ಟೆಗೆ ಬಣ್ಣ ಆರಿಸಿದ್ದು, ನಾನು ಹೊಲಿದದ್ದು. ಅದರೊಳಗೆ ನಗುತ್ತಾ ನಿಂತವನು ನಾನು ಹೆತ್ತವನು. ಬಾಯಲ್ಲಿ ಗುಂಡುಸೂಜಿ ಇದ್ದದ್ದು ಒಳ್ಳೆಯದಾಯಿತು. "ಹೂಂ" ಎಂದೆ. ಗುರುವಾರ ಬನ್ನಿ, ಸಿದ್ಧವಾಗಿರುತ್ತದೆ ಎಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿ, ನೆಲದ ಮೇಲೆ ಬಟ್ಟೆ ಚೂರುಗಳ ನಡುವೆಯೇ ಕೂತಿದ್ದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನನ್ನು ಕೇಳಿದೆ. "ಏನಪ್ಪಾ, ನನಗೆ ಏನು ಕಾಯಿಲೆ ಅಂತ ಹೇಳಿದ್ದೀಯ?"

"ಏನಮ್ಮ ಹಾಗಂದ್ರೆ?"

"ಹಾಸಿಗೆ ಹಿಡಿದಿದ್ದೀನಂತಲ್ಲ. ಹೀಗೆ ಎದ್ದು ಬಡಿಸ್ತಾ ಇದ್ರೆ ಡಾಕ್ಟರು ಬೈಯಲ್ವಾ?"

ತುತ್ತು ಕೈಯಲ್ಲೇ ನಿಂತಿತು. ಮೊದಲು ಯಾರು, ಏನು, ಎಲ್ಲಿ ಎಂದ. ಆಮೇಲೆ ಅವಳು ಬರೀ ಗಿರಾಕಿ ಎಂದ. ಕೋಟಿನ ವಿಷಯ ಹೇಳಿದ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಇಬ್ಬರನ್ನೂ ನೋಯಿಸಲು ಮನಸ್ಸು ಬರಲಿಲ್ಲವಂತೆ. ನೋಯಿಸಲು ಮನಸ್ಸಿಲ್ಲದವನು ಸುಳ್ಳು ಹೇಳಲು ಇಷ್ಟೊಂದು ಮನಸ್ಸು ಎಲ್ಲಿಂದ ತಂದೆ ಎಂದು ಕೇಳಿದೆ. ಗುರುವಾರದೊಳಗೆ ಅವಳಿಗೂ ಹೇಳುತ್ತೇನೆ, ಆಮೇಲೆ ಹೆಂಡತಿಗೂ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡಮ್ಮ ಎಂದು ನನ್ನ ಕಾಲು ಹಿಡಿದ. ಅಷ್ಟರಲ್ಲಿ ನಿನ್ನ ಫೋನು ಬಂತು. ಅತ್ತೆ, ದನಿ ಯಾಕೆ ಹಾಗಿದೆ ಎಂದು ನೀನು ಕೇಳಿದೆ. ನೆಗಡಿ ಎಂದೆ. ಶುಂಠಿ ಹಾಕಿ ಕುಡೀರಿ ಎಂದು ನೀನು ಎಷ್ಟು ಸಲ ಹೇಳಿದೆ! ಫೋನಿಟ್ಟ ಮೇಲೆ, ಇಲ್ಲದ ನೆಗಡಿಗೆ ಶುಂಠಿ ಜಜ್ಜಿ ಕುಡಿದೆ.

ಗುರುವಾರ ಅವಳು ಬಂದಳು. ನಗುಮುಖ ನೋಡಿಯೇ ಗೊತ್ತಾಯಿತು, ಇವನು ಏನೂ ಹೇಳಿಲ್ಲ. ಗೌನು ಹಾಕಿಕೊಂಡು ನೋಡಿ ಎಂದು ಪರದೆಯ ಹಿಂದೆ ಕಳಿಸಿದೆ. ಬಟ್ಟೆ ಬದಲಿಸಿ ಹೊರಗೆ ಬಂದ ಮೇಲೆ ನಾನೇ ಕೂರಿಸಿ ಹೇಳುವುದು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಆಗ, ನನ್ನ ಪುಣ್ಯವೋ ಅವನ ಪಾಪವೋ, ಊಟದ ಡಬ್ಬಿ ಹಿಡಿದುಕೊಂಡು ನಿನ್ನ ಗಂಡ ಬಂದ. ಇತ್ತೀಚೆಗೆ ನನ್ನನ್ನು ಒಲಿಸಿಕೊಳ್ಳಲು ಅವನೇ ಊಟ ತರುತ್ತಿದ್ದ. ಬಂದವನೇ ನನಗೆ ಮಾತಾಡಲು ಬಿಡದೆ ಶುರು ಮಾಡಿದ.

"ಅಮ್ಮಾ, ಮುಗೀತು. ನಿನ್ನೆ ಅವಳಿಗೆ ಎಲ್ಲಾ ಹೇಳ್ಬಿಟ್ಟೆ. ತುಂಬಾ ಅತ್ತಳು. ಕೊನೆಗೆ ನನ್ನ ಕೈ ಹಿಡ್ಕೊಂಡು, ನೀನು ಒಳ್ಳೆಯವನು, ಹೆಂಡತಿ ಹತ್ರಾನೇ ಹೋಗು ಅಂದ್ಳು."

ಪರದೆಯ ಉಂಗುರಗಳು ಝರ್ ಎಂದು ಸರಿದವು. ಹಸಿರು ಗೌನಿನಲ್ಲಿ, ಒಂದು ತೋಳಿನ ಗುಂಡಿ ಹಾಕದೆ, ಅವಳು ನಿಂತಿದ್ದಳು. ಅದೇ ರೇಡಿಯೋ ದನಿಯಲ್ಲಿ, ಅಕ್ಷರ ಬಿಡಿಸಿ ಬಿಡಿಸಿ ಕೇಳಿದಳು: "ನಾನು ಯಾವಾಗ ಅತ್ತೆ?"

ಮೀನೇ, ಆ ಗಾಬರಿಯಲ್ಲಿ ಇವಳು ನನ್ನನ್ನೇ ಅತ್ತೆ ಎಂದು ಕರೆದಳೋ ಎಂದು ಬೆಚ್ಚಿಬಿದ್ದೆ. ನಗಬೇಡ. ಅಥವಾ ನಗು. ಈ ಕಾಗದದಲ್ಲಿ ನಗಲು ಇನ್ನೆಲ್ಲಿ ಜಾಗವಿದೆ?

ಅವನ ಬಾಯಿಂದ "ಅಮ್ಮಾ..." ಎಂಬುದೊಂದೇ ಹೊರಬಿತ್ತು. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಇವರಾ ಎಂದಳು. ನಾನು ಹೇಳಿದೆ, ಹೌದಮ್ಮಾ, ಹಾಸಿಗೆ ಹಿಡಿದವಳು ನಾನೇ. ಇವನ ಹೆಂಡತಿ ಬಿಟ್ಟು ಹೋಗಿಲ್ಲ. ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾಳೆ, ತಿಂಗಳ ಕೊನೆಗೆ ಬರುತ್ತಾಳೆ.

ಅವಳು ಮೊದಲು ನಕ್ಕಳು. ನಗು ಅರ್ಧದಲ್ಲಿ ಮುರಿದುಹೋಯಿತು. ನಿನ್ನ ಗಂಡ, ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ ಎಂದು ಗೊಣಗಿ, ಡಬ್ಬಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟು ಹೊರಟುಹೋದ. ಅವನು ಸುಳ್ಳು ಹೇಳಿದ್ದಕ್ಕಿಂತ ಹಾಗೆ ಹೊರಟುಹೋದದ್ದು ನನ್ನನ್ನು ಹೆಚ್ಚು ಸುಟ್ಟಿತು. ನಿಂತು ಬೈಸಿಕೊಳ್ಳುವಷ್ಟಾದರೂ ಬೆನ್ನುಮೂಳೆ ಬೇಡವೇ?

ಅವಳು ಸ್ಟೂಲಿನ ಮೇಲೆ ಕುಸಿದಳು. ನಾನು ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಅರ್ಧ ಹಾಕಿ ಕೊಟ್ಟೆ. ತಪ್ಪೋ ಸರಿಯೋ ಗೊತ್ತಿಲ್ಲ. ನಿನ್ನ ಸವತಿಯಾಗಲಿದ್ದವಳಿಗೆ ಊಟ ಹಾಕಿದೆನೆಂದು ನಿನಗೆ ಸಿಟ್ಟು ಬಂದರೆ ಬರಲಿ, ನಾನು ಮುಚ್ಚಿಡುವುದಿಲ್ಲ. ಅವಳೂ ಮೋಸ ಹೋದವಳೇ. ತಿನ್ನುತ್ತಾ ಹೇಳಿದಳು, ನೀನು ಇನ್ನೊಂದು ಮದುವೆಯಾಗಿ ಸುಖವಾಗಿದ್ದೀಯ ಎಂದು ನಂಬಿಸಿದ್ದನಂತೆ. ವರ ಹಲ್ಲಿನ ಡಾಕ್ಟರಂತೆ! ಅತ್ತೆಗೆ ಕಾಯಿಲೆ, ಸೊಸೆಗೆ ಡಾಕ್ಟರು. ಒಂದೇ ಮನೆಯೊಳಗೆ ಎಲ್ಲ ವ್ಯವಸ್ಥೆ ಮಾಡಿದ್ದಾನೆ, ಭೂಪ.

ಹೊರಡುವಾಗ ಅವಳು ಕೇಳಿದಳು, "ಅವನ ಹೆಂಡ್ತಿಗೆ ಹೇಳೋರು ಯಾರು? ನೀವೋ, ನಾನೋ?" ನಾನು ಎಂದೆ. ಗೌನನ್ನು ಬಿಟ್ಟು ಹೋಗುತ್ತಾಳೇನೋ ಎಂದುಕೊಂಡಿದ್ದೆ. ಬಿಡಲಿಲ್ಲ. ಹೊಲಿಗೆ ಚೆನ್ನಾಗಿದೆ, ಅದೇನು ತಪ್ಪು ಮಾಡಿದೆ ಎಂದು, ಹಾಕಿಕೊಂಡೇ ಬಸ್ ಸ್ಟಾಪಿಗೆ ನಡೆದುಹೋದಳು. ಬೀದಿಯವರೆಲ್ಲ ತಿರುಗಿ ನೋಡಿದರು. ಮರುದಿನ ಬೆಳಿಗ್ಗೆ ರೇಡಿಯೋ ಹಾಕಲೋ ಬೇಡವೋ ಎಂದು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದೆ. ಹಾಕಲಿಲ್ಲ.

ಈಗ ಅವನು ಹೇಳುವುದು ಇಷ್ಟು. ಮುಗಿದ ಕತೆ, ಇನ್ನೇಕೆ ಹೆಂಡತಿಗೆ ಹೇಳುವುದು? ಅಮ್ಮಾ, ನಿನ್ನ ಕೈಯಾರೆ ಮಗನ ಮನೆ ಮುರೀತೀಯಾ ಎಂದು ಕೇಳಿದ. ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನಗೂ ಮುದ್ದೇ. ಅವನು ಪಾತ್ರೆ ತೊಳೆಯುತ್ತಿದ್ದರೆ ಹಿಂದಿನಿಂದ ಆ ಕತ್ತು ನೋಡಿ, ಎಳೆಗೂಸಾಗಿದ್ದಾಗ ಹೇಗಿತ್ತೋ ಹಾಗೇ ಇದೆಯಲ್ಲ ಎಂದು ಕರಗಿಬಿಡುತ್ತೇನೆ. ಆದರೆ ಅವನೊಬ್ಬನೇ ಸುಳ್ಳು ಹೇಳಿದರೆ ಅದು ಗಂಡ ಹೆಂಡಿರ ಮಾತು. ನಾನೂ ಅದಕ್ಕೆ ಸೇರಿಕೊಂಡರೆ ನೀನು ಬಂದು ಕಾಲಿಡುವ ಮನೆಯೇ ಸುಳ್ಳಾಗುತ್ತದೆ. ನಿನಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುವಾಗ, ನಿನ್ನ ಎದುರು ಕೂತು ಹೇಗೆ ಹರಟೆ ಹೊಡೆಯಲಿ?

ಅವನ ಪರವಾಗಿ ಒಂದೇ ಒಂದು ಮಾತು. ಬೆಳಿಗ್ಗೆ ನಾನು ಹಾಳೆ ತೆಗೆದು ಕೂತಾಗ ಬಾಗಿಲಲ್ಲಿ ನಿಂತು ನೋಡಿದ. ಎಲ್ಲಾ ಬರೀತೀಯಾ ಎಂದ. ಎಲ್ಲಾ ಎಂದೆ. ಹಲ್ಲಿನ ಡಾಕ್ಟರದ್ದೂನಾ ಎಂದ. ಅದೂ ಎಂದೆ. ಪೆನ್ನು ಕಿತ್ತುಕೊಳ್ಳಲಿಲ್ಲ. ತೂಗುಹಾಕಿದ್ದ ಗಿರಾಕಿಗಳ ಕೋಟುಗಳ ನಡುವೆ ಮುಖ ಹುದುಗಿಸಿ, ಆಮೇಲೆ ಅಂಚೆ ಚೀಟಿ ತರ್ತೀನಿ ಎಂದು ಹೋದ. ತಂದುಕೊಟ್ಟ. ಇದಕ್ಕೆ ಎಷ್ಟು ಬೆಲೆ ಕೊಡಬೇಕೋ ಅದು ನಿನಗೆ ಬಿಟ್ಟದ್ದು. ಅವನೂ ನಿನಗೆ ಬರೆಯುತ್ತಾನಂತೆ. ಬರೆದರೆ ಓದು, ಓದದಿದ್ದರೂ ನಾನು ಯಾಕೆ ಎಂದು ಕೇಳುವುದಿಲ್ಲ.

ನನ್ನ ಮುಖ ನೋಡಿ ಕ್ಷಮಿಸಬೇಡ. ನನ್ನ ಮೇಲಿನ ಸಿಟ್ಟಿಗೆ ಅವನನ್ನು ಬಿಡಲೂ ಬೇಡ. ಏನು ಮಾಡಿದರೂ ನಿನ್ನ ನಿರ್ಧಾರಕ್ಕೆ ನಾನು ಅಡ್ಡ ಬರುವವಳಲ್ಲ. ಇದನ್ನು ಓದಿದ ದಿನ ಕೊಳಕ್ಕೆ ಇಳಿಯಬೇಡ, ಕಣ್ಣೀರು ಬಂದರೆ ನೀರಲ್ಲಿ ಗೊತ್ತಾಗುವುದಿಲ್ಲ, ನೀನು ಅಳುವುದು ಯಾರಿಗಾದರೂ ಗೊತ್ತಾಗಬೇಕು. ಊಟ ಬಿಡಬೇಡ.

ನೀನು ಒಪ್ಪುವಷ್ಟು ದಿನ,
ನಿನ್ನ ಅತ್ತೆ

ತಾ.ಕ.: ಅಡ್ಡ ಬರುವವಳಲ್ಲ ಎಂದು ದೊಡ್ಡದಾಗಿ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಕಾಗದ ಇಷ್ಟು ತಡವಾದದ್ದು ಮಗನ ಸಂಸಾರ ಮುರಿದೀತೆಂಬ ಹೆದರಿಕೆಗಲ್ಲ. ಅವನನ್ನು ಬಿಟ್ಟರೆ ನೀನು ನನ್ನನ್ನೂ ಬಿಟ್ಟ ಹಾಗೆ, ಆಮೇಲೆ ನಾನು ನಿನಗೆ ಯಾರು ಎಂದು ತಿಳಿಯದೆ ಒದ್ದಾಡಿದೆ. ನಿನ್ನೆ ಏನು ತಲೆ ಕೆಟ್ಟಿತೋ, ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುತ್ತೇನೆ ಎಂದು ಮಾಲೀಕರಿಗೆ ಹೇಳಿಬಿಟ್ಟಿದ್ದೇನೆ. ಮಗನಿಗೆ ಇನ್ನೂ ಗೊತ್ತಿಲ್ಲ. ನೀನು ಅಲ್ಲೇ ಉಳಿದರೆ ನಾನೂ ಬರುತ್ತೇನೆ, ನಿನ್ನ ಮನೆಯೊಳಗೆ ಮಾತ್ರ ಬರುವುದಿಲ್ಲ. ಆ ಊರಿನಲ್ಲಿ, ನಿನ್ನ ಬೀದಿಯಲ್ಲಿ, ಒಂದು ಹೊಲಿಗೆ ಯಂತ್ರ ಹಿಡಿಸುವ ಕೋಣೆ ಸಿಕ್ಕೀತಾ ನೋಡು. ಯಾರಾದರೂ ಕೇಳಿದರೆ, ಯಾರೋ ಟೈಲರು ಎಂದು ಹೇಳು, ನನಗೆ ಬೇಜಾರಿಲ್ಲ. ನೀನು ಅವನನ್ನು ಕ್ಷಮಿಸಿ ಇಲ್ಲಿಗೇ ಬರುವುದಾದರೆ ಮಾತ್ರ ಬೇಗ ಫೋನು ಮಾಡು, ಬಾಯಿ ತಪ್ಪಿ ಹೇಳಿದೆ ಎಂದು ಮಾಲೀಕರ ಕೈಕಾಲು ಹಿಡಿಯಬೇಕು.