ಕೊಲಂಬೊದ ತೊಂಬತ್ತು ನಿಮಿಷ

2 ಏಪ್ರಿಲ್ 2004, ಕಾರಟಗಿ

ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಾಲ್ಕು ಕಿಲೋಮೀಟರ್ ಓಡಿದೆ. ಮೂರನೆಯದಕ್ಕೇ ಎಡ ಮೊಣಕಾಲು ಹಿಡಿಯಿತು. ಬಂದು ಐಸ್ ಇಟ್ಟುಕೊಂಡೆ. ಯಾವ ಫುಟ್‌ಬಾಲ್ ಮ್ಯಾಚಿಗೆ ಓಡುತ್ತಿದ್ದೇನೆ, ಗೊತ್ತಿಲ್ಲ. ಹನ್ನೆರಡು ವರ್ಷದ ರೂಢಿ. ಸುನಿತಾ ಹೋಗಿ ಇಂದಿಗೆ ಇಪ್ಪತ್ತು ದಿನ.

ಅತ್ತೆ ರೊಟ್ಟಿ ಕೊಟ್ಟರು. ಮಾವ ಆಗಲೇ ಮಿಲ್ಲಿಗೆ ಹೋಗಿಬಿಟ್ಟಿದ್ದರು. ಅವ್ವನ ತಮ್ಮ, ನನ್ನನ್ನು ಎತ್ತಿ ಆಡಿಸಿದವರು, ಮಗಳನ್ನು ಕೊಟ್ಟವರು... ಈಗ ನನ್ನೆದುರು ಕೂರುವುದಿಲ್ಲ.

5 ಏಪ್ರಿಲ್

ಬರೆದಿಡಬೇಕು. ಇಲ್ಲದಿದ್ದರೆ ತಲೆಯಲ್ಲೇ ತಿರುಗುತ್ತದೆ. ಮಾರ್ಚ್ 13, ಸಂಜೆ ಆರು. ಕೊಲಂಬೊದ ಹೋಟೆಲಿನಿಂದ ಫೋನ್ ಮಾಡಿದೆ. ಮಾವ ಎತ್ತಿದರು. ಸುನಿತಾಗೆ ಕೊಡ್ರಿ ಅಂದೆ.

"ಗುಡಿಗೆ ಹೋಗ್ಯಾಳಪ. ನಾಳಿ ಛಲೋ ಆಡು."

ಆಗ ಆಕೆಯ ಹೆಣ ಪಡಸಾಲೆಯಲ್ಲಿತ್ತು. ನಾಲ್ಕು ದಿನದ ಜ್ವರ. ಗಂಗಾವತಿಗೆ ಒಯ್ದಿದ್ದರು, ಅಲ್ಲೇ ಮಧ್ಯಾಹ್ನ ಹೋದಳು. ಮರುದಿನ ಬೆಳಿಗ್ಗೆ ಮಣ್ಣು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಗಂಡ ಹಾಕಲಿಲ್ಲ. ನನಗೆ ಹೇಳಿದ್ದು ಮ್ಯಾಚ್ ಮುಗಿದ ಮೇಲೆ, ಮ್ಯಾನೇಜರ್, ಬಸ್ಸಿನ ಬಾಗಿಲಲ್ಲಿ. ಹಿಂದಿನ ಸಂಜೆಯೇ ಹೇಳಿದ್ದರೆ ಮರುದಿನ ಸಂಜೆಗೆ ಮುಟ್ಟುತ್ತಿದ್ದೆ. ಅಷ್ಟು ಹೊತ್ತು ಕಾಯುತ್ತಿದ್ದರು.

ಸಿಟ್ಟಾಗುವ ಹಾಗೂ ಇಲ್ಲ. ನಾನೇ ಹೇಳಿಟ್ಟದ್ದು — ಮ್ಯಾಚಿಗೆ ಮುಂಚೆ ಮನೆಯ ಸುದ್ದಿ ಬೇಡ. 99ರಲ್ಲಿ ಅವ್ವ ಬಿದ್ದಳೆಂದು ಫೋನ್ ಬಂದ ದಿನ ಗಮನ ತಪ್ಪಿ ಎರಡು ಗೋಲು ಬಿಟ್ಟಿದ್ದೆ. ಅಂದಿನಿಂದ ಮನೆಯವರು ಇದನ್ನು ವ್ರತದ ಹಾಗೆ ಪಾಲಿಸಿದರು. ಸುನಿತಾ ಕೂಡ ಆಸ್ಪತ್ರೆಯಲ್ಲಿ, "ಅವ್ರಿಗೆ ಈಗ ಹೇಳಬ್ಯಾಡಪ್ಪ" ಅಂದಳಂತೆ.

ಇನ್ನೊಂದು — ಇದನ್ನು ಯಾರಿಗೂ ಹೇಳಿಲ್ಲ. ಕೊಲಂಬೊದಲ್ಲಿ ನಾನು ಆಡಲೇ ಇಲ್ಲ. ತೊಂಬತ್ತು ನಿಮಿಷವೂ ಬೆಂಚಿನ ಮೇಲೆ. ಮೊಣಕಾಲಿನ ಆಪರೇಷನ್ ಆದಾಗಿನಿಂದ ಹೀಗೇ. ದೇಶಕ್ಕೆ ಹನ್ನೊಂದು ಮ್ಯಾಚ್ ಆಡಿದವನೆಂದು ತಂಡಕ್ಕೆ ಕರೆಯುತ್ತಾರೆ, ಹೊರಗೆ ಕೂರಿಸುತ್ತಾರೆ. ಮನೆಯಲ್ಲಿ ಹೇಳಲು ನಾಚಿಕೆ. ಸುನಿತಾಗೂ ಹೇಳಿರಲಿಲ್ಲ.

9 ಏಪ್ರಿಲ್

ಮಾವನಿಗೆ ಬುತ್ತಿ ಒಯ್ದೆ. ಅಕ್ಕಿ ಮಿಲ್ಲಿನ ಬಾಯ್ಲರ್ ಹತ್ತಿರ ಅವರ ಜೊತೆಗಾರ ನೂರಸಾಬ ಒಬ್ಬರೇ ಕೂತಿದ್ದರು.

"ಬಾರಪಾ ಡಿಫೆಂಡರ್. ನಮ್ಮ ವಾಚಮನ್ ಮಲಗ್ಯಾನ, ಗೇಟಿನ್ಯಾಗ ಒಂಚೂರು ನೀ ನಿಂದ್ರು. ಒಂದು ಇಲಿ ಸೈತ ದಾಟೂದಿಲ್ಲ."

ನಕ್ಕೆ. ಬಹಳ ದಿನದ ಮೇಲೆ. ಅವರು ದನಿ ತಗ್ಗಿಸಿದರು.

"ನಿಮ್ಮ ಮಾವ ದಿನಾ ಒಂದ ಮಾತು ಹೇಳ್ತಾನ. ಹುಡುಗ ದೇಶದ ಸಲುವಾಗಿ ಆಡಾಕ ನಿಂತಿದ್ದ, ಅದಕ್ಕ ಹೇಳಲಿಲ್ಲ, ಅಂತ. ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ. ಅದೊಂದ ಮಾತಿನ ಮ್ಯಾಲ ಜೀವ ಹಿಡಕೊಂಡಾನ."

ಮಾವ ಬಂದು ಬುತ್ತಿ ತೆಗೆದುಕೊಂಡರು. ಮುಖ ನೋಡಲಿಲ್ಲ.

10 ಏಪ್ರಿಲ್

ಓಡಲಿಲ್ಲ.

17 ಏಪ್ರಿಲ್

ಗೋವಾದಿಂದ, ನಾನು ಆಡುವ ಕ್ಲಬ್ಬಿನವರ ಫೋನ್. ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ. ಸಮಾಧಾನವಾಗಿಯೇ ಹೇಳಿದರು. ಮೂವತ್ತೆರಡು ವಯಸ್ಸು, ಇಂಥ ಮೊಣಕಾಲು... ಗಂಗಾವತಿಯ ಮೈದಾನದಲ್ಲಿ ಬರಿಗಾಲಲ್ಲಿ ಶುರುವಾದದ್ದು ಎರಡು ನಿಮಿಷದ ಫೋನಿನಲ್ಲಿ ಮುಗಿಯಿತು. ನೋಯಬೇಕಿತ್ತು. ನೋಯಲಿಲ್ಲ. ಮಾವನಿಗೆ ಹೇಳುವುದೊಂದು ಉಳಿದಿದೆ.

18 ಏಪ್ರಿಲ್, ಬೆಳಿಗ್ಗೆ 7

ಹಿತ್ತಲಲ್ಲಿ ಮಾವ ಬೇವಿನ ಕಡ್ಡಿ ಅಗಿಯುತ್ತಿದ್ದರು. ಹತ್ತಿರ ಹೋದೆ. ಅವರೇ ಮೊದಲು ಮಾತಾಡಿದರು.

"ಬೈಯೋದಿದ್ರ ಬೈದುಬಿಡು, ಕೊಟ್ರೇಶ. ಹಿಂಗ ಸುಮ್ಮ ಇರಬ್ಯಾಡ. ಆವತ್ತು ಫೋನ್ ಇಟ್ಟು ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದೆ. ನಿನ್ನ ಆಟ ಕೆಡಬಾರದು ಅಂತ, ಅಷ್ಟ."

"ಮಾವಾ, ನಾ ಅಲ್ಲಿ ಆಡಿಲ್ರಿ. ಹೊರಗ ಕುಂತಿದ್ದೆ."

ಕಡ್ಡಿ ಉಗುಳಿದರು. ಬಾಯಿ ತೊಳೆದರು. ಮತ್ತೊಮ್ಮೆ ತೊಳೆದರು.

"ಒಂದ ನಿಮಿಷನೂ?"

"ಇಲ್ರಿ."

"ಹಂಗಾದ್ರ ಕರದಿದ್ರ ಬರ್ತಿದ್ದಿ."

"ಬರ್ತಿದ್ದೆ."

ಕೈಯಲ್ಲಿದ್ದ ತಂಬಿಗೆಯನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತರು. ಒಳಗೆ ಅತ್ತೆ ರೊಟ್ಟಿ ಬಡಿಯುವ ಸದ್ದು.

"ನಿಮ್ಮತ್ತಿಗೆ ಹೇಳಬ್ಯಾಡ" ಅಂದರು. "ಆಕಿ ಅತ್ತಾಗೆಲ್ಲಾ ನೀ ಆಡಾಕ ನಿಂತಿದ್ದಿ ಅಂತ ಹೇಳಿ ಸುಮ್ಮನಿರಿಸೇನಿ."

ಯಾಕೆ ಹೇಳಿದೆನೋ. ನನ್ನ ಭಾರ ಇಳಿಯಲಿ ಅಂತಲೇ ಇರಬೇಕು. ಇಳಿಯಲಿಲ್ಲ.

25 ಏಪ್ರಿಲ್, ಮಧ್ಯಾಹ್ನ

ಮಾವ ಮಿಲ್ಲಿಗೆ ಹೋಗದೆ ವಾರವಾಯಿತು. ಊಟ ಸೇರುತ್ತಿಲ್ಲ. ನೂರಸಾಬ ಬಂದು ಕರೆದರೂ ಏಳಲಿಲ್ಲ. ಇವತ್ತು ಅತ್ತೆ ಇಬ್ಬರನ್ನೂ ಎಳೆದು ತಂದು ಒಟ್ಟಿಗೆ ಉಣ್ಣಲು ಕೂರಿಸಿದರು. ಸುನಿತಾ ಹೋದ ಮೇಲೆ ಮೊದಲ ಸಲ. ಜುಣಕ ಬಡಿಸುತ್ತ ಕೇಳಿದರು.

"ಕೊಟ್ರೇಶ, ಆ ಆಟದ್ದು ನನಗ ಯಾರೂ ಹೇಳೇ ಇಲ್ಲ ನೋಡು. ಹೆಂಗ ಆಡಿದಿ?"

ಮಾವನ ಕೈ ತಟ್ಟೆಯಲ್ಲೇ ನಿಂತಿತು.

"ಛಲೋ ಆಡಿದೆ ಅತ್ತಿ."

"ಛಲೋ ಅಂದ್ರ? ಈ ಮುದುಕಿಗೇನು ತಿಳಿತೈತಿ ಅಂತೇನು? ಮೊದಲಿಂದ ಹೇಳು. ಆಕಿ ಇದ್ದಿದ್ರ ಬಿಡ್ತಿದ್ಲೇನು?"

ಹೇಳಿದೆ. ಸೀಟಿ ಊದಿದ್ದು, ಹುಲ್ಲು ಒದ್ದೆಯಾಗಿದ್ದದ್ದು, ಎದುರು ತಂಡದ ಒಂಬತ್ತನೇ ನಂಬರಿನವನು ನನಗಿಂತ ಒಂದು ಗೇಣು ಎತ್ತರ ಇದ್ದದ್ದು. ಎಲ್ಲ ಕಂಡದ್ದೇ. ನನ್ನ ಜಾಗದಲ್ಲಿ ಆಡಿದವನನ್ನು ಮಾತಿನಲ್ಲೇ ಹೊರಗೆ ಕೂರಿಸಿ ನಾನು ಒಳಗೆ ಹೋದೆ. ಅತ್ತೆ ಬಡಿಸುವುದನ್ನು ಬಿಟ್ಟು ಕೂತರು. ನಿಲ್ಲಿಸೋಣವೆಂದುಕೊಂಡೆ.

"ಆಮ್ಯಾಲ?"

ಕೇಳಿದ್ದು ಮಾವ. ತುತ್ತು ಎತ್ತಿಕೊಂಡಿದ್ದರು.

ಇಪ್ಪತ್ತನೇ ನಿಮಿಷ ಅಂದೆ. ಬಲಗಡೆಯಿಂದ ಚೆಂಡು ಎತ್ತರದಲ್ಲಿ ಬಂತು. ಅವನು ಹಾರಿದ. ನಾನು ಅವನಿಗಿಂತ ಮೊದಲು ಹಾರಿದೆ.