ಅದಿತಿಯ ಮೂರನೇ ಭಾಷೆ

೭ ಏಪ್ರಿಲ್ ೨೦೨೬, ಮಂಗಳವಾರ, ಅಸ್ಸಿ

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಈ ಮನೆಯವರ ಮೇಲೆಲ್ಲ ನನಗೆ ಪ್ರೀತಿಯೋ ಪ್ರೀತಿ! ಆದರೆ ಇವತ್ತು ಸಾಕಾಗಿಹೋಯಿತು. ಹೊಸ ಪಠ್ಯಕ್ರಮದಂತೆ ಭಾವನ ಮಗಳು ಅದಿತಿ ಮೂರನೇ ಭಾಷೆ ಆರಿಸಬೇಕು. ಕನ್ನಡವೇ ಆಗಬೇಕೆಂದು ಅತ್ತೆಯ ಹಟ. ಈ ಹಿಂದಿ ಊರಿನ ಶಾಲೆಯಲ್ಲಿ ಕನ್ನಡದ ಟೀಚರ್ ಇಲ್ಲ. ಮನೆಯಲ್ಲಿ ನಾನೇ ಕಲಿಸುತ್ತೇನೆಂದು ಕುಣಿದಾಡಿ ಒಪ್ಪಿದ್ದೆ.

“ಚಾಚೀ, ಎಲ್ಲರೂ ಸಂಸ್ಕೃತ್ ಕ್ಲಾಸಲ್ಲಿ ಇರ್ತಾರೆ. ಮೈಂ ಅಕೇಲೀ ಬೈಠೂಂ?” ಎಂದು, ಒಬ್ಬಳೇ ಕೂರಬೇಕಲ್ಲ ಅಂತ ಅದಿತಿ ನನ್ನ ಮುಂದೆ ಅತ್ತಳು.

“ಕನ್ನಡ ಮಾತಾಡೋಕೆ ನಾನಿಲ್ವೇನೇ?” ಎಂದರು ಅತ್ತೆ.

“ಅಜ್ಜೀ, ನೀನು ಸ್ಕೂಲಿಗೆ ಬರ್ತೀಯಾ?”

ನಾವೆಲ್ಲ ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಸಂಸ್ಕೃತವೇ ಇರಲಿ ಎಂದುಬಿಟ್ಟರು. ಊಟ ಬಡಿಸುವಾಗ ಮೊದಲ ಬಾರಿಗೆ ಮೊಮ್ಮಗಳನ್ನು ಹಿಂದಿಯಲ್ಲಿ ಕೇಳಿದರು: “ಔರ್ ಸಾರು ಹೋನಾ ಕ್ಯಾ, ಬೇಟಾ?”

ಅದಿತಿ ತಟ್ಟೆ ಮುಂದೆ ಮಾಡಿದಳು. ನನ್ನ ಗಂಡ ಓಂಕಾರ್‌ಗೆ ಇದನ್ನು ಹೇಳೋಣವೆಂದರೆ ಅವರಿಗೆ ನಿದ್ದೆ ಬಂದಿದೆ. ನಾಳೆ ನಮಗೂ ಒಂದು ಮಗುವಾದರೆ, ಅತ್ತೆ ಅದರ ಜೊತೆಯೂ ಹಿಂದಿಯಲ್ಲೇ...