ಫಾಲ್ ರಿವರ್‌ನ ಮುಕ್ಕಾಲು ಗಂಟೆ

ಫಾಲ್ ರಿವರ್, ಭಾನುವಾರ

ಪ್ರೀತಿಯ ಅಕ್ಕ,

ನಿನ್ನೆ ಇಲ್ಲಿನ ಬಟ್ಟೆ ಗಿರಣಿಯ ಫುಟ್‌ಬಾಲ್ ತಂಡಕ್ಕೆ ನನ್ನ ಆಯ್ಕೆಯ ಪಂದ್ಯ. ಆಯ್ಕೆಯಾಗದಿದ್ದರೆ ಊರಿಗೆ ವಾಪಸು. ನಮ್ಮ ಸೇಂಟ್ ಲೂಯಿಸ್‌ನಲ್ಲಿ ಅರ್ಧ ಗಂಟೆಗೇ ವಿರಾಮವಲ್ಲವೇ? ಅದೇ ಅಂದಾಜಿನಲ್ಲಿ ದಮ್ಮೆಲ್ಲ ಮುಗಿಸಿ, ವಿರಾಮದ ಕಿತ್ತಳೆ ತಿನ್ನಲು ಮೈದಾನದ ಗೆರೆ ದಾಟಿ ಹೊರಟೆ. ಗಿರಣಿಯವರೆಲ್ಲ ನಕ್ಕರು.

ತಂಡದ ನಾಯಕ, ಸ್ಕಾಟ್ಲೆಂಡಿನಿಂದ ಬಂದ ಮೆಕ್‌ಆಸ್ಲನ್, "ಎಲ್ಲಿಗಯ್ಯಾ ಪಂಡಿತ? ಇಲ್ಲಿ ಮುಕ್ಕಾಲು ಗಂಟೆ ಆಡ್ತೀವಿ. ನಿಮ್ಮೂರಲ್ಲಿ ಅಷ್ಟು ಬೇಗ ಹಸಿವಾಗುತ್ತಾ?" ಎಂದ.

ಮತ್ತೆ ಗೆರೆಯೊಳಗೆ ಬಂದೆ. ಓಡಲು ಶಕ್ತಿಯಿಲ್ಲದೆ, ಗಿರಣಿಯವರ ಹಾಗೆಯೇ ಹತ್ತಿರದವನಿಗೆ ಮೆಲ್ಲಗೆ ಚೆಂಡು ದಾಟಿಸುತ್ತ ಹೋದೆ. ಎರಡು ಗೋಲು ಹಾಗೇ ಬಂದವು.

"ಓಡೋದು ಬಿಟ್ಟ, ಆಡೋಕೆ ಶುರು ಮಾಡ್ದ. ಇವ್ನನ್ನ ಇಟ್ಕೊಳ್ಳಿ" ಎಂದ ನಾಯಕ.

ಸೋಮವಾರದಿಂದ ಮಗ್ಗದ ಕೆಲಸ, ಶನಿವಾರ ಆಟ. ಮೊಣಕಾಲು ಊದಿದೆ, ಚಿಂತೆಯಿಲ್ಲ. ನನ್ನ ಕೋಣೆಯನ್ನು ಬಾಡಿಗೆಗೆ ಕೊಟ್ಟುಬಿಡು.

ಅವಸರದಲ್ಲಿ,
ಕಾರ್ನಿ